ಬಾಗ್ದಾದ್ ಗೆದ್ದ ಡಿವಿಷನ್‌ಗೆ ಮರುದಿನದ ಆದೇಶವೇ ಇರಲಿಲ್ಲ

ಇರಾಕ್ ಮೇಲಿನ ಅಮೆರಿಕದ ದಂಡಯಾತ್ರೆ ಎಂದಕೂಡಲೇ ಸೇನಾ ವಲಯದಲ್ಲಿ ಇಂದಿಗೂ ಹೆಚ್ಚು ಚರ್ಚೆಯಾಗುವುದು 2003ರ ಮಾರ್ಚ್ 20ರಿಂದ ಏಪ್ರಿಲ್ 9ರವರೆಗಿನ ಮೂರು ವಾರ. ಕುವೈತ್ ಗಡಿ ದಾಟಿ ಬಾಗ್ದಾದ್‌ನ ಹೃದಯಭಾಗ ತಲುಪಿದ 3ನೇ ಇನ್‌ಫೆಂಟ್ರಿ ಡಿವಿಷನ್ ಆ ಮೂರು ವಾರಗಳ ಮುಖ್ಯ ಪಾತ್ರಧಾರಿ. ಜಾರ್ಜಿಯಾ ರಾಜ್ಯದ ಫೋರ್ಟ್ ಸ್ಟೂವರ್ಟ್ ಇದರ ನೆಲೆ. 1918ರಲ್ಲಿ ಫ್ರಾನ್ಸ್‌ನ ಮಾರ್ನ್ ನದಿ ದಂಡೆಯಲ್ಲಿ ಜರ್ಮನ್ನರಿಗೆ ಎದೆಗೊಟ್ಟು ನಿಂತ ಹಳೆಯ ಹೆಸರು ಇದಕ್ಕಿದೆ. ಇದರ ಇತಿಹಾಸ ಬರೆದವರಲ್ಲಿ ಬಹಳ ಮಂದಿ ಏಪ್ರಿಲ್ 9ಕ್ಕೆ ಪೂರ್ಣವಿರಾಮ ಹಾಕುತ್ತಾರೆ. ಇರಾಕಿನ ಜನ ತೆತ್ತ ಬೆಲೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ ಎಂಬ ಕಾರಣಕ್ಕೆ ಆ ಪೂರ್ಣವಿರಾಮವನ್ನು ನಾನು ಒಪ್ಪುವುದಿಲ್ಲ.

ಯೋಜನೆ ಸರಳವಾಗಿತ್ತು. ಯುಫ್ರೆಟಿಸ್ ನದಿಯ ಪಶ್ಚಿಮಕ್ಕೆ ಮರುಭೂಮಿಯಲ್ಲೇ ಸಾಗುವುದು, ಊರುಗಳನ್ನು ಬಳಸಿಕೊಂಡು ಹೋಗುವುದು, ಕರ್ಬಲಾ ಬಳಿಯ ಕಿರಿದಾದ ದಾರಿಯಿಂದ ನುಗ್ಗಿ ರಾಜಧಾನಿಗೆ ಬೀಳುವುದು. ಕಷ್ಟ ಎದುರಾದದ್ದು ಬಳಸಿ ಹೋದ ಊರುಗಳಿಂದಲೇ. ಸಮಾವಾ, ನಜಾಫ್‌ಗಳಲ್ಲಿ ಸಮವಸ್ತ್ರವಿಲ್ಲದ ಹೋರಾಟಗಾರರು ಪಿಕಪ್ ಗಾಡಿಗಳಲ್ಲಿ ಬಂದು ಟ್ಯಾಂಕ್‌ಗಳ ಮೇಲೆ ಬಿದ್ದರು. ಮಾರ್ಚ್ 25ರ ಹೊತ್ತಿಗೆ ಎದ್ದ ದೂಳುಬಿರುಗಾಳಿಯಲ್ಲಿ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು, ಮೇಲಿಂದ ಕೆಸರಿನ ಮಳೆ ಸುರಿಯಿತು. ತಾವು ತಾಲೀಮು ಮಾಡಿದ್ದ ಶತ್ರುವಿಗಿಂತ ಈ ಶತ್ರು ಬೇರೆ ಎಂದು 5ನೇ ಕೋರ್‌ನ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ವಿಲಿಯಂ ವಾಲೇಸ್ ಆಗಲೇ ಹೇಳಿಬಿಟ್ಟರು. ಮುಂದೆ ಬರಲಿದ್ದ ವರ್ಷಗಳ ಸುಳಿವು ಆ ಮಾತಿನಲ್ಲಿತ್ತು, ವಾಷಿಂಗ್ಟನ್‌ನಲ್ಲಿ ಕೇಳಿಸಿಕೊಂಡವರಿರಲಿಲ್ಲ.

ಮಾರ್ಚ್ 29ರಂದು ನಜಾಫ್ ಬಳಿಯ ತಪಾಸಣಾ ಠಾಣೆಯಲ್ಲಿ ಟ್ಯಾಕ್ಸಿಯೊಂದು ಸಿಡಿದು ಡಿವಿಷನ್‌ನ ನಾಲ್ವರು ಸೈನಿಕರು ಸತ್ತರು. ಎರಡೇ ದಿನದ ನಂತರ, ಅದೇ ಪ್ರದೇಶದ ಇನ್ನೊಂದು ಠಾಣೆಯತ್ತ ಒಂದು ಕುಟುಂಬದವರು ತುಂಬಿದ್ದ ವಾಹನ ಬಂತು. ನಿಲ್ಲಲಿಲ್ಲ. ಸೈನಿಕರು ಗುಂಡು ಹಾರಿಸಿದರು. ಸತ್ತವರು ಹೆಂಗಸರು, ಮಕ್ಕಳು. ಸೇನೆ ಏಳು ಮಂದಿ ಎಂದಿತು, ಜೊತೆಯಲ್ಲಿದ್ದ ಅಮೆರಿಕನ್ ಪತ್ರಕರ್ತರ ವರದಿ ಹತ್ತು ಎಂದಿತು. ಕೈಸನ್ನೆ ಅರ್ಥವಾಗದ ಚಾಲಕ, ಮೊನ್ನೆಯಷ್ಟೇ ಜೊತೆಗಾರರನ್ನು ಕಳೆದುಕೊಂಡ ಸೈನಿಕ, ನಡುವೆ ಕೆಲವೇ ಕ್ಷಣ. ಮುಂದಿನ ಎಷ್ಟೋ ವರ್ಷ ಇರಾಕಿನ ರಸ್ತೆಗಳಲ್ಲಿ ಮರುಕಳಿಸಿದ ದುರಂತ ಇದು.

ಇನ್ನು ‘ಥಂಡರ್ ರನ್’ ಎಂದು ಹೆಸರಾದ ಟ್ಯಾಂಕ್ ದಾಳಿಗಳು. ಏಪ್ರಿಲ್ 5ರಂದು ಒಂದು ಟ್ಯಾಂಕ್ ಪಡೆ ನಗರದೊಳಗೆ ನುಗ್ಗಿ, ವಿಮಾನ ನಿಲ್ದಾಣದ ಕಡೆಯಿಂದ ಹೊರಬಂತು. ಏಪ್ರಿಲ್ 7ರಂದು ಕರ್ನಲ್ ಡೇವಿಡ್ ಪರ್ಕಿನ್ಸ್ ತಮ್ಮ 2ನೇ ಬ್ರಿಗೇಡನ್ನು ಸದ್ದಾಂ ಅರಮನೆಗಳ ಬಾಗಿಲವರೆಗೂ ಒಯ್ದರು. ಅಲ್ಲೇ ರಾತ್ರಿ ತಂಗುವುದೋ, ವಾಪಸ್ ಬರುವುದೋ? ನಿರ್ಧಾರ ನಿಂತದ್ದು ಇಂಧನದ ಮೇಲೆ. ಸುಮಾರು 1,900 ಲೀಟರ್ ಹಿಡಿಯುವ ಎಬ್ರಾಮ್ಸ್ ಟ್ಯಾಂಕ್‌ನ ಟರ್ಬೈನ್ ಎಂಜಿನ್ ನಿಂತಲ್ಲೇ ನಿಂತರೂ ಇಂಧನ ಕುಡಿಯುತ್ತದೆ. ಹಾಗಾಗಿ ಶತ್ರುವಿನ ನಡುವೆಯೇ ಎಂಜಿನ್ ಆರಿಸಿ ಕಾಯಲು ಆದೇಶವಾಯಿತು. ಹಿಂದೆ ಹೆದ್ದಾರಿಯ ಮೂರು ಕೂಡುರಸ್ತೆಗಳನ್ನು ಸಣ್ಣ ತುಕಡಿಗಳು ಹಿಡಿದುಕೊಂಡಿದ್ದವು. ಇಂಧನ, ಮದ್ದುಗುಂಡು ಹೊತ್ತ ಲಾರಿಗಳ ಮೇಲೆ ರಾಕೆಟ್‌ಗಳು ಬಿದ್ದವು. ಕೆಲವು ಹೊತ್ತಿ ಉರಿದವು, ಉಳಿದವನ್ನು ಚಾಲಕರು ಬೆಂಕಿಯ ನಡುವಿನಿಂದಲೇ ಮುಂದಕ್ಕೆ ಓಡಿಸಿದರು. ಅದೇ ಬೆಳಿಗ್ಗೆ ಬ್ರಿಗೇಡ್‌ನ ಕಮಾಂಡ್ ಕೇಂದ್ರಕ್ಕೆ ಕ್ಷಿಪಣಿ ಬಡಿದು ಸೈನಿಕರ ಜೊತೆ ಇಬ್ಬರು ಯುರೋಪಿಯನ್ ಪತ್ರಕರ್ತರೂ ಸತ್ತಿದ್ದರು. ಬಾಗ್ದಾದ್ ಬಿದ್ದದ್ದು ಈ ಲಾರಿ ಚಾಲಕರಿಂದ ಎಂದರೆ ಉತ್ಪ್ರೇಕ್ಷೆಯಲ್ಲ. ಟಿವಿಯಲ್ಲಿ ಕಂಡದ್ದು ಮಾತ್ರ ಎರಡು ದಿನದ ನಂತರ ಫಿರ್ದೋಸ್ ಚೌಕದಲ್ಲಿ ಮರೀನ್ ಪಡೆಯವರು ಉರುಳಿಸಿದ ಸದ್ದಾಂ ಪ್ರತಿಮೆ.

ಕೌಶಲ, ಧೈರ್ಯ ಎರಡೂ ನಿಜ. ಅವನ್ನು ಅಲ್ಲಗಳೆಯುವುದು ಅನ್ಯಾಯ. ಮರುದಿನ ಏನು ಮಾಡಬೇಕೆಂದು ಆ ಡಿವಿಷನ್‌ಗೆ ಯಾರೂ ಹೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಯುದ್ಧದ ನಂತರ ಡಿವಿಷನ್ ತಾನೇ ಸಿದ್ಧಪಡಿಸಿದ ವರದಿ ಇದನ್ನು ಮುಚ್ಚಿಟ್ಟಿಲ್ಲ: ಕದನ ಮುಗಿದ ನಂತರದ ಹಂತಕ್ಕೆ ಮೇಲಿನ ಕಚೇರಿಗಳಿಂದ ಯೋಜನೆ ಬರಲಿಲ್ಲ, ಮಾರ್ಗದರ್ಶನವಿಲ್ಲದೆಯೇ ಆ ಹಂತಕ್ಕೆ ಕಾಲಿಡಬೇಕಾಯಿತು ಎಂದು ಅದರಲ್ಲಿದೆ. ಗೆದ್ದ ಸೇನೆಯೇ ಬರೆದ ಇಂಥ ಮಾತಿಗಿಂತ ದೊಡ್ಡ ಆರೋಪಪಟ್ಟಿ ಬೇರೆ ಬೇಕಿಲ್ಲ.

ಪರಿಣಾಮ ಬೀದಿಯಲ್ಲಿ ಕಂಡಿತು. ತೈಲ ಸಚಿವಾಲಯಕ್ಕೆ ಕಾವಲು ಬೇಗ ಬಂತು. ರಾಷ್ಟ್ರೀಯ ಮ್ಯೂಸಿಯಂಗೆ ಟ್ಯಾಂಕ್‌ಗಳ ಕಾವಲು ಬಂದದ್ದು ಏಪ್ರಿಲ್ 16ಕ್ಕೆ. ಅಷ್ಟರಲ್ಲಿ ಸುಮೇರಿಯನ್ ಕಾಲದ ವಸ್ತುಗಳೂ ಇದ್ದ ಸಂಗ್ರಹದಿಂದ ಸುಮಾರು 15 ಸಾವಿರ ವಸ್ತುಗಳು ಕಳುವಾಗಿದ್ದವು. ಆಸ್ಪತ್ರೆಗಳೂ ಲೂಟಿಯಾದವು. ಇರಾಕ್ ನಿಭಾಯಿಸಲು ಕೆಲವು ಲಕ್ಷ ಸೈನಿಕರು ಬೇಕಾದೀತು ಎಂದು ಅಮೆರಿಕದ ಭೂಸೇನೆಯ ಮುಖ್ಯಸ್ಥ ಎರಿಕ್ ಶಿನ್ಸೆಕಿ ಫೆಬ್ರುವರಿಯಲ್ಲೇ ಸೆನೆಟ್ ಸಮಿತಿಯ ಮುಂದೆ ಹೇಳಿದ್ದರು. ರಕ್ಷಣಾ ಉಪಕಾರ್ಯದರ್ಶಿ ಪಾಲ್ ವುಲ್ಫೊವಿಟ್ಜ್ ಎರಡೇ ದಿನದಲ್ಲಿ ಅದನ್ನು ತಳ್ಳಿಹಾಕಿದರು. ಮೇ 23ರಂದು ಅಮೆರಿಕ ನೇಮಿಸಿದ್ದ ಆಡಳಿತಗಾರ ಪಾಲ್ ಬ್ರೆಮರ್ ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಲಕ್ಷಾಂತರ ಶಸ್ತ್ರ ಬಲ್ಲ ಗಂಡಸರು ಒಂದೇ ಸಹಿಯಿಂದ ಕೆಲಸ ಕಳೆದುಕೊಂಡರು.

ಡಿವಿಷನ್ 2005ರಲ್ಲಿ ಮತ್ತೆ ಇರಾಕ್‌ಗೆ ಹೋಯಿತು, ಕಾವಲಿಗೆ ಸಿಕ್ಕಿದ್ದು ಅದೇ ಬಾಗ್ದಾದ್. 2007ರಲ್ಲಿ ಮೂರನೆಯ ಬಾರಿ, 2009ರಲ್ಲಿ ನಾಲ್ಕನೆಯ ಬಾರಿ. ಮೂರು ವಾರದಲ್ಲಿ ಮುಗಿಯಿತೆನ್ನಲಾದ ಯುದ್ಧಕ್ಕೆ ಒಂದೇ ಡಿವಿಷನ್ ನಾಲ್ಕು ಸಲ ಹೋಗಬೇಕಾಯಿತು. ಮಡಿದ ಪ್ರತಿ ಸೈನಿಕನ ಹೆಸರಲ್ಲೂ ಒಂದೊಂದು ಮರ ನೆಟ್ಟ ದಾರಿ ಫೋರ್ಟ್ ಸ್ಟೂವರ್ಟ್‌ನಲ್ಲಿದೆ. ಇರಾಕಿನ ಸತ್ತ ನಾಗರಿಕರಿಗೆ ಅಂಥ ಪೂರ್ಣ ಲೆಕ್ಕವೂ ಇಲ್ಲ.

ಇದು ನಮಗೂ ದೂರದ ಕಥೆಯಲ್ಲ. 1915ರಲ್ಲಿ ಇದೇ ಮೆಸೊಪೊಟೇಮಿಯಾದಲ್ಲಿ ಬಾಗ್ದಾದ್‌ನತ್ತ ಹೊರಟಿದ್ದ ಬ್ರಿಟಿಷ್ ಇಂಡಿಯಾದ 6ನೇ (ಪುಣೆ) ಡಿವಿಷನ್ ಟೆಸಿಫಾನ್‌ನಲ್ಲಿ ಮುಗ್ಗರಿಸಿತು. ಸರಬರಾಜು ಕಡಿದುಹೋಗಿ ಕೂಟ್ ಪಟ್ಟಣದಲ್ಲಿ ಹಸಿದು, 1916ರ ಏಪ್ರಿಲ್ 29ರಂದು ಶರಣಾಯಿತು. ಸೆರೆಯಾದ ಭಾರತೀಯ ಸಿಪಾಯಿಗಳಲ್ಲಿ ಸಾವಿರಾರು ಮಂದಿ ಊರಿಗೆ ಮರಳಲಿಲ್ಲ. 2003ರಲ್ಲಿ ಅಮೆರಿಕ ದೆಹಲಿಯಿಂದ ಕೇಳಿದ್ದೂ ಹೆಚ್ಚುಕಡಿಮೆ ಒಂದು ಡಿವಿಷನ್‌ನಷ್ಟು ಸೇನೆಯನ್ನೇ. ವಾಜಪೇಯಿ ಸರ್ಕಾರದ ಒಳಗೂ ಹೊರಗೂ ಕಳುಹಿಸೋಣ ಎಂದವರಿದ್ದರು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗದು ಎಂದು ಜುಲೈ 14ರಂದು ಸರ್ಕಾರ ನಿರಾಕರಿಸಿತು. ಮನೆಗೆ ಮರಳುವ ದಿನ ಮತ್ತೆ ಮುಂದಕ್ಕೆ ಹೋಯಿತೆಂದು ಫಲ್ಲುಜಾದಲ್ಲಿದ್ದ 3ನೇ ಡಿವಿಷನ್‌ನ ಸೈನಿಕರಿಗೆ ತಿಳಿದದ್ದೂ ಅದೇ ಜುಲೈನಲ್ಲಿ. ಬಾಗ್ದಾದ್ ಗೆದ್ದವರಿಗೇ ಸಿಗದಿದ್ದ ಯೋಜನೆ ನಮ್ಮ ಜವಾನರಿಗೆ ಸಿಗುತ್ತಿತ್ತೆಂದು ನಂಬಲು ಆಗ ಯಾವ ಆಧಾರವೂ ಇರಲಿಲ್ಲ. ದೆಹಲಿಯ ಆ ನಿರಾಕರಣೆ ಸರಿಯಾಗಿತ್ತು.