ಮುಖ ನೋಡಿ ಸುಳ್ಳನ್ನು ಅರಿಯಬಹುದೇ?

ನಡೆಗೂ ನುಡಿಗೂ ಅಂತರವಿರಬಾರದೆಂಬುದು ಶರಣರ ನಿಲುವು. ಆದರೆ ಆ ಅಂತರವನ್ನು ಮತ್ತೊಬ್ಬರಲ್ಲಿ ಗುರುತಿಸುವ ಬಗೆ ಯಾವುದು? ಪೊಲೀಸ್ ಠಾಣೆಯಲ್ಲಿ ನಿತ್ಯವೂ ಏಳುವ ಪ್ರಶ್ನೆಯಿದು. ಅಲ್ಲಿ ಎಣಿಕೆ ತಪ್ಪಿದರೆ ನಿರಪರಾಧಿಯ ಬಾಳು ಹಾಳಾಗುತ್ತದೆ. ಅಪರಾಧಿ ನಿಶ್ಚಿಂತನಾಗಿ ತಿರುಗುತ್ತಾನೆ.

ವರ್ಷಾನುಗಟ್ಟಲೆ ಕಳ್ಳರನ್ನು ಕಂಡ ಕಣ್ಣು ಮೋಸಹೋಗದೆಂಬ ನಂಬಿಕೆ ಜನರಲ್ಲಿಯೂ ಇದೆ, ಅಧಿಕಾರಿಗಳಲ್ಲಿಯೂ ಇದೆ. ಪರೀಕ್ಷೆಗೊಡ್ಡಿದಾಗ ಅದು ನಿಲ್ಲಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪಾಲ್ ಎಕ್ಮನ್ ಮತ್ತು ಮೌರೀನ್ ಓಸಲಿವನ್ ಪೊಲೀಸರು, ನ್ಯಾಯಾಧೀಶರು, ಮನೋವೈದ್ಯರು, ವಿದ್ಯಾರ್ಥಿಗಳು ಮುಂತಾದ 509 ಜನರಿಗೆ ದೃಶ್ಯಮುದ್ರಿಕೆಗಳನ್ನು ತೋರಿಸಿ, ಸುಳ್ಳಾಡುವವರು ಯಾರೆಂದು ಕೇಳಿದರು. 1991ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸೀಕ್ರೆಟ್ ಸರ್ವಿಸ್ ಅಧಿಕಾರಿಗಳು ಮಾತ್ರ ಶೇ. 64ರಷ್ಟು ಸರಿಯಾಗಿ ಹೇಳಿದ್ದರು. ಉಳಿದ ವರ್ಗಗಳ ತೀರ್ಪು ನಾಣ್ಯ ಚಿಮ್ಮಿ ಹೇಳಿದುದಕ್ಕಿಂತ ಮೇಲೇನೂ ಇರಲಿಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ 24,000ಕ್ಕೂ ಹೆಚ್ಚು ಜನರ ತೀರ್ಪುಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಶೇ. 54 ಬಂದಿತು.

ಇದಕ್ಕಿಂತ ಕಳವಳಕಾರಿಯಾದುದು ಸಾಲ್ ಕ್ಯಾಸಿನ್ ಮತ್ತು ಸಂಗಡಿಗರ 2005ರ ಅಧ್ಯಯನ. ಕೈದಿಗಳ ನಿಜವಾದ ಮತ್ತು ಕಟ್ಟಿದ ತಪ್ಪೊಪ್ಪಿಗೆಗಳನ್ನು ಪೊಲೀಸರ ಮುಂದೆಯೂ ವಿದ್ಯಾರ್ಥಿಗಳ ಮುಂದೆಯೂ ಇಡಲಾಯಿತು. ಹೆಚ್ಚು ಸರಿಯಾಗಿ ಗುರುತಿಸಿದವರು ವಿದ್ಯಾರ್ಥಿಗಳು. ಹೆಚ್ಚು ಆತ್ಮವಿಶ್ವಾಸ ತೋರಿದವರು ಪೊಲೀಸರು. ಅರಿವು ಬೆಳೆಯದೆ ನೆಚ್ಚಿಕೆ ಮಾತ್ರ ಬೆಳೆದರೆ ಆಗುವ ಅನಾಹುತವಿದು.

ಇಂಗ್ಲೆಂಡಿನ ಪೊಲೀಸರು ನೈಜ ಆರೋಪಿಗಳ ವಿಚಾರಣೆಯ ದೃಶ್ಯಗಳನ್ನು ನೋಡಿ ಶೇ. 65ರಷ್ಟು ಸರಿಯಾಗಿ ಗುರುತಿಸಿದರೆಂದು 2004ರ ಅಧ್ಯಯನವೊಂದು ತಿಳಿಸುತ್ತದೆ, ನಿಜ. ಆದರೆ ಅವರಲ್ಲಿಯೂ ಕಣ್ಣು ತಪ್ಪಿಸುವುದು, ಚಡಪಡಿಸುವುದು ಮುಂತಾದ ಲಕ್ಷಣಗಳನ್ನು ನೆಚ್ಚಿದವರೇ ಹೆಚ್ಚು ಎಡವಿದರು. ನಮ್ಮ ನಾಡಿನಲ್ಲಂತೂ ಹಿರಿಯರೆದುರು ಕಣ್ಣು ತಗ್ಗಿಸುವುದು ಗೌರವದ ಗುರುತು. ಠಾಣೆಯ ಮೆಟ್ಟಿಲನ್ನೇ ತುಳಿಯದ ರೈತನ ನಾಲಗೆ ಅಧಿಕಾರಿಯೆದುರು ತೊದಲಿದರೆ ಅದು ಭಯವೇ ಹೊರತು ಕಪಟವಲ್ಲ. ಪಳಗಿದ ವಂಚಕನಾದರೋ ನೆಟ್ಟ ನೋಟದಿಂದಲೇ ಉತ್ತರಿಸಬಲ್ಲನು.

ಹಾಗಾದರೆ ಸುಳ್ಳನ್ನು ಹಿಡಿಯುವ ಮಾರ್ಗವೇ ಇಲ್ಲವೇ? ಇದೆ. ಸ್ವೀಡನ್ನಿನಲ್ಲಿ ಮರಿಯಾ ಹಾರ್ಟ್‌ವಿಗ್ ಮತ್ತು ಸಂಗಡಿಗರು ತರಬೇತಿಯಲ್ಲಿದ್ದ ಪೊಲೀಸರಿಗೆ ಒಂದು ಕ್ರಮವನ್ನು ಕಲಿಸಿದರು: ಕೈಯಲ್ಲಿರುವ ಸಾಕ್ಷ್ಯವನ್ನು ಮೊದಲೇ ಬಿಚ್ಚಿಡದೆ, ಆರೋಪಿಯ ಮಾತನ್ನು ಪೂರ್ಣವಾಗಿ ಕೇಳಿ, ಆಮೇಲೆ ಎರಡನ್ನೂ ತಾಳೆ ನೋಡುವುದು. 2006ರಲ್ಲಿ ಪ್ರಕಟವಾದಂತೆ, ಇದನ್ನು ಕಲಿತವರು ಶೇ. 85ರಷ್ಟು ಸರಿಯಾಗಿ ಹೇಳಿದರೆ ಕಲಿಯದವರು ಶೇ. 56ರಷ್ಟು ಮಾತ್ರ ಹೇಳಿದರು. ಸುಳ್ಳು ಸಿಕ್ಕಿಬೀಳುವುದು ಮುಖದಲ್ಲಲ್ಲ, ಮಾತಿಗೂ ಸಂಗತಿಗೂ ನಡುವಿನ ಬಿರುಕಿನಲ್ಲಿ.

ನಮ್ಮ ಕಾನೂನು ಈ ಎಚ್ಚರವನ್ನು ಹಿಂದಿನಿಂದಲೂ ಪಾಲಿಸಿದೆ. ಪೊಲೀಸ್ ಅಧಿಕಾರಿಯೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸಲಾಗದೆಂಬ 1872ರ ಸಾಕ್ಷ್ಯ ಅಧಿನಿಯಮದ ನಿಯಮವು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರ ಮತ್ತು ಮಿದುಳು ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ನಡೆಸಕೂಡದೆಂದು ತೀರ್ಪಿತ್ತಿತು.

ಸದ್ಭಕ್ತರು ಇದನ್ನು ಠಾಣೆಯ ವಿಷಯವೆಂದು ಬದಿಗಿಡಲಾಗದು. ಮನೆಯಲ್ಲಿ ಹಣ ಕಾಣೆಯಾದಾಗ ಕೆಲಸದಾಕೆಯ ಮುಖ ಬಾಡಿತೆಂಬುದನ್ನೇ ಸಾಕ್ಷಿಯೆಂದು ತಿಳಿಯುವವರು ವಿರಳರೇನಲ್ಲ. ಸಂದೇಹವು ವಿಚಾರಣೆಯ ಆರಂಭವಾಗಬಹುದು, ತೀರ್ಪಾಗಕೂಡದು. ಮುಖವನ್ನು ಓದಬಲ್ಲೆನೆಂಬ ಹಮ್ಮನ್ನು ಬಿಟ್ಟು ಸಂಗತಿಯನ್ನು ಅರಸುವ ತಾಳ್ಮೆಯೇ ನ್ಯಾಯದ ಮೊದಲ ಮೆಟ್ಟಿಲು.