ವ್ಯಾಟ್ ಎಷ್ಟೆಂಬುದು ಎರಡನೆಯ ಪ್ರಶ್ನೆ

ಗೋಡೆಯ ಹಲಗೆಯ ಮೇಲೆ ಕೂತಿರುತ್ತಿದ್ದ ಹಳೆಯ ವಾಲ್ವ್ ರೇಡಿಯೊದ ಶಕ್ತಿ ಮೂರು-ನಾಲ್ಕು ವ್ಯಾಟ್. ಅದರಲ್ಲಿ ಬರುತ್ತಿದ್ದ ಪ್ರದೇಶ ಸಮಾಚಾರ ಎದುರು ಮನೆಯ ಜಗಲಿಯವರೆಗೂ ಕೇಳುತ್ತಿತ್ತು. ಈಗ 50 ವ್ಯಾಟಿನ ಆಂಪ್ಲಿಫೈಯರ್ ತಂದು, ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಎರಡು ಚೆಂದದ ಸ್ಪೀಕರ್‌ಗಳಿಗೆ ಜೋಡಿಸಿದವರು, ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸಿಯೂ ‘ಇಷ್ಟೇನಾ?’ ಎನ್ನುವುದುಂಟು. ಅಂಗಡಿಯವನು ಟೋಪಿ ಹಾಕಿದ ಎಂಬ ಅನುಮಾನ ಬರುತ್ತದೆ. ಬಹಳ ಸಲ ಯಾರೂ ಟೋಪಿ ಹಾಕಿರುವುದಿಲ್ಲ. ಕೊಂಡವರು ಆಂಪ್ಲಿಫೈಯರ್‌ನ ವ್ಯಾಟ್ ಕೇಳಿರುತ್ತಾರೆ, ಸ್ಪೀಕರ್‌ನ ದಕ್ಷತೆ ಕೇಳಿರುವುದಿಲ್ಲ.

ವಿದ್ಯುತ್ತನ್ನು ಸದ್ದಾಗಿ ಬದಲಿಸುವ ಯಂತ್ರವೇ ಸ್ಪೀಕರ್. ಯಂತ್ರವೆಂದು ಲೆಕ್ಕ ಹಾಕಿದರೆ ಅದರಷ್ಟು ದಂಡಪಿಂಡ ಮನೆಯಲ್ಲಿ ಇನ್ನೊಂದಿರಲಾರದು. ಒಳ್ಳೆಯದೆಂದು ಹೆಸರಾದ ಸ್ಪೀಕರ್ ಕೂಡ ತನಗೆ ಬಂದ ನೂರು ವ್ಯಾಟಿನಲ್ಲಿ ಒಂದು ವ್ಯಾಟನ್ನು ಸದ್ದು ಮಾಡಿದರೆ ಹೆಚ್ಚು. ಉಳಿದದ್ದೆಲ್ಲ ಒಳಗಿನ ತಂತಿಯ ಸುರುಳಿಯನ್ನು ಕಾಯಿಸುವುದರಲ್ಲಿ ಮುಗಿದುಹೋಗುತ್ತದೆ. ಎಷ್ಟು ದಂಡ, ಎಷ್ಟು ದಕ್ಕಿತು ಎಂಬುದನ್ನು ತಯಾರಕರು ಒಂದು ಅಂಕಿಯಲ್ಲಿ ಹೇಳುತ್ತಾರೆ: ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬೆಲ್? ಇದಕ್ಕೆ ಸೆನ್ಸಿಟಿವಿಟಿ ಎಂದು ಹೆಸರು. ಸ್ಪೀಕರ್‌ನ ಹಿಂಬದಿಯ ಚೀಟಿಯಲ್ಲೋ ಜೊತೆಗೆ ಬರುವ ಪುಸ್ತಿಕೆಯಲ್ಲೋ ಇರುತ್ತದೆ. ಮನೆಬಳಕೆಯ ಸಣ್ಣ ಸ್ಪೀಕರ್‌ಗಳಲ್ಲಿ ಬಹುಪಾಲು 84ರಿಂದ 90ರ ಒಳಗೆ.

84ಕ್ಕೂ 90ಕ್ಕೂ ಏನು ಮಹಾ ವ್ಯತ್ಯಾಸ ಎನಿಸಬಹುದು. ಆದರೆ ಡೆಸಿಬೆಲ್ ಲೆಕ್ಕ ಅಂಗಡಿ ಲೆಕ್ಕದಂತಲ್ಲ. ಮೂರು ಡೆಸಿಬೆಲ್ ಹೆಚ್ಚಿಸಬೇಕಾದರೆ ವ್ಯಾಟ್ ಇಮ್ಮಡಿಯಾಗಬೇಕು, ಹತ್ತು ಹೆಚ್ಚಿಸಬೇಕಾದರೆ ಹತ್ತು ಪಟ್ಟಾಗಬೇಕು. ಅಂದರೆ 90ರ ಸ್ಪೀಕರ್‌ಗೆ 25 ವ್ಯಾಟ್ ಸಾಕಾಗುವಲ್ಲಿ 84ರದಕ್ಕೆ 100 ವ್ಯಾಟ್ ಬೇಕು. ಇಷ್ಟೆಲ್ಲ ಮಾಡಿ ಹತ್ತು ಡೆಸಿಬೆಲ್ ಏರಿಸಿದರೂ ಕಿವಿಗೆ ಸದ್ದು ‘ಎರಡರಷ್ಟಾಯಿತು’ ಎನಿಸುತ್ತದೆಯೇ ಹೊರತು ಹತ್ತರಷ್ಟಲ್ಲ. 40 ವ್ಯಾಟಿನ ಆಂಪ್ಲಿಫೈಯರ್ ಮಾರಿ 60 ವ್ಯಾಟಿನದನ್ನು ತಂದವರಿಗೆ ದಕ್ಕುವುದು ಎರಡು ಡೆಸಿಬೆಲ್‌ಗೂ ಕಡಿಮೆ. ಆ ಹಣದಲ್ಲಿ ಕ್ಯಾಸೆಟ್ಟೋ ರೆಕಾರ್ಡೋ ಕೊಂಡಿದ್ದರೆ ಚೆನ್ನಾಗಿತ್ತು.

ಈ ಅಂಕಿಯ ಎರಡು ತುದಿಗಳಲ್ಲಿ ಇಬ್ಬರು ಅಮೆರಿಕನ್ನರಿದ್ದಾರೆ. ಮೊದಲನೆಯವರು ಪಾಲ್ ಕ್ಲಿಪ್ಶ್. ಅರ್ಕಾನ್ಸಾಸ್ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ 1946ರಲ್ಲಿ ಕಂಪನಿ ಆರಂಭಿಸಿ ‘ಕ್ಲಿಪ್ಶ್‌ಹಾರ್ನ್’ ಎಂಬ ದೊಡ್ಡ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದರು. ಹೊಲದ ಆ ಬದಿಯವರನ್ನು ಕೂಗುವಾಗ ಎರಡೂ ಅಂಗೈಗಳನ್ನು ಬಾಯಿಗೆ ಒಡ್ಡಿಕೊಳ್ಳುತ್ತೇವಲ್ಲ, ಹಾರ್ನಿನ ಗುಟ್ಟು ಅದೇ. ಟೆಂಟ್ ಸಿನಿಮಾದ ಕಂಬದ ಮೇಲಿನ ಕಹಳೆಯದೂ ಅದೇ ಜಾತಿ. ಆದರೆ ತಗ್ಗಿನ ಸ್ವರಗಳಿಗೂ ಒದಗುವ ಕಹಳೆ ಮಾಡಲು ಹೋದರೆ ಅದು ಮನೆಗಿಂತ ದೊಡ್ಡದಾದೀತು. ಕ್ಲಿಪ್ಶ್ ಅದನ್ನು ಪೆಟ್ಟಿಗೆಯೊಳಗೆ ಮಡಿಸಿಟ್ಟು, ಕೋಣೆಯ ಮೂಲೆಯ ಎರಡು ಗೋಡೆಗಳನ್ನೇ ಕಹಳೆಯ ಕೊನೆಯ ಭಾಗವಾಗಿ ಬಳಸಿಕೊಂಡರು. ಕಂಪನಿ ಹೇಳುವ ಅಂಕಿ ಸುಮಾರು 105 ಡೆಸಿಬೆಲ್. ಜಗತ್ತಿಗೆ ಬೇಕಾಗಿರುವುದು ಐದು ವ್ಯಾಟಿನ ಒಂದು ಒಳ್ಳೆಯ ಆಂಪ್ಲಿಫೈಯರ್ ಎಂಬ ಮಾತು ಕ್ಲಿಪ್ಶ್ ಹೆಸರಿನಲ್ಲಿ ಇಂದಿಗೂ ಚಲಾವಣೆಯಲ್ಲಿದೆ.

ಎರಡನೆಯವರು ಎಡ್ಗರ್ ವಿಲ್ಚರ್. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಸೇರಿ ‘ಅಕೌಸ್ಟಿಕ್ ರಿಸರ್ಚ್’ ಎಂಬ ಕಂಪನಿ ಕಟ್ಟಿ, ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದಲೇ ಆಳವಾದ ತಗ್ಗುಸ್ವರ ಹೊರಡಿಸಿ ತೋರಿಸಿದರು. ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗಿನ ಕೆಲಸ ಮಾಡುತ್ತಿತ್ತು. ಜನ ಬೆರಗಾದರು. ಆದರೆ ಅದಕ್ಕೆ ತೆತ್ತ ಬೆಲೆ ದಕ್ಷತೆ. 1958ರಲ್ಲಿ ಸ್ಟೀರಿಯೊ ರೆಕಾರ್ಡುಗಳು ಬಂದು ಪ್ರತಿ ಮನೆಗೂ ಎರಡೆರಡು ಪೆಟ್ಟಿಗೆ ಬೇಕಾದಾಗ ಚಿಕ್ಕದೇ ಗೆದ್ದಿತು. ಅರವತ್ತರ ದಶಕದಲ್ಲಿ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳು ಬಂದು ವ್ಯಾಟ್ ಅಗ್ಗವಾಯಿತು. ಅಲ್ಲಿಂದೀಚೆಗೆ ದಕ್ಷತೆಯ ಬಗ್ಗೆ ತಲೆಕೆಡಿಸಿಕೊಂಡವರು ಕಡಿಮೆ.

ಇದು ತಯಾರಕರ ಸೋಮಾರಿತನವಲ್ಲ, ಭೌತಶಾಸ್ತ್ರದ ಕಟ್ಟಳೆ. ಮುಂದೆ ಕ್ಲಾಸ್ ಜೊತೆಗಾರರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ‘ಉಕ್ಕಿನ ನಿಯಮ’ವೇ ಇದೆ. ಚಿಕ್ಕ ಪೆಟ್ಟಿಗೆ, ಆಳವಾದ ತಗ್ಗುಸ್ವರ, ಹೆಚ್ಚಿನ ದಕ್ಷತೆ—ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಅದೇ ಅಳತೆಯ ಪೆಟ್ಟಿಗೆ 80 ಹರ್ಟ್ಸ್‌ಗೆ ನಿಲ್ಲುವ ಬದಲು 40ರವರೆಗೆ ಇಳಿಯಬೇಕೆಂದರೆ ದಕ್ಷತೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಅಂಗೈಯಗಲದ ಪೆಟ್ಟಿಗೆಯಲ್ಲಿ ‘ಭಾರಿ ಬಾಸ್, ಭಾರಿ ಸದ್ದು’ ಎಂದು ಜಾಹೀರಾತು ಕಂಡಾಗ ಇದು ನೆನಪಿರಲಿ.

ಹಾಗೆಂದು ಕಡಿಮೆ ದಕ್ಷತೆಯದೆಲ್ಲ ಕೆಟ್ಟದ್ದೆಂದೂ ಅಲ್ಲ. ಎಪ್ಪತ್ತರ ದಶಕದಲ್ಲಿ ಬಿಬಿಸಿ ಎಂಜಿನಿಯರುಗಳು ರೂಪಿಸಿದ ‘ಎಲ್ಎಸ್ 3/5ಎ’ ಎಂಬ ಪುಟ್ಟ ಸ್ಪೀಕರ್‌ನ ಅಂಕಿ 83ರ ಆಸುಪಾಸು. ಮನುಷ್ಯನ ಕಂಠವನ್ನು ಅದರಷ್ಟು ನಿಜವಾಗಿ ನುಡಿಸುವ ಪೆಟ್ಟಿಗೆ ಅಪರೂಪ ಎಂದು ಮೆಚ್ಚುವವರು ಈಗಲೂ ಇದ್ದಾರೆ. ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಎಂಜಿನಿಯರ್ ಮೊಳ ದೂರದಲ್ಲಿ ಕೂತು ಕೇಳಲೆಂದು ಮಾಡಿದ್ದು ಅದು. ಕ್ಲಿಪ್ಶ್‌ಹಾರ್ನ್ ಒಂದು ವ್ಯಾಟಿನಲ್ಲಿ ಮಾಡುವ ಸದ್ದಿಗೆ ಇದಕ್ಕೆ ಸುಮಾರು 160 ವ್ಯಾಟ್ ಬೇಕು. ಅಷ್ಟು ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಸಣ್ಣ ಕೋಣೆಯಲ್ಲಿ ತಾಳ್ಮೆಯಿಂದ ವೀಣೆ ಕೇಳುವವರಿಗೆ ಅದು ಸರಿ, ಮದುವೆ ಮನೆಗೆ ಅಲ್ಲ.

ಮನೆಗೆ ಬೇಕಾದ ವ್ಯಾಟನ್ನು ಕಂಡುಕೊಳ್ಳುವುದು ಕಷ್ಟವಲ್ಲ. 86 ಡೆಸಿಬೆಲ್‌ನ ಜೋಡಿ ಸ್ಪೀಕರ್, ಕೇಳುವವರು ಮೂರು ಮೀಟರ್ ದೂರ ಎಂದಿಟ್ಟುಕೊಳ್ಳೋಣ. ಸಾಧಾರಣ ಕೋಣೆಯಲ್ಲಿ ದೂರಕ್ಕೆ ಆರು ಡೆಸಿಬೆಲ್ ಕಳೆದು, ಸ್ಪೀಕರ್ ಎರಡಿರುವುದಕ್ಕೆ ಮೂರು ಕೂಡಿಸಿದರೆ, ತಲಾ ಒಂದು ವ್ಯಾಟಿಗೆ 83 ಡೆಸಿಬೆಲ್ ಕಿವಿಗೆ ಮುಟ್ಟುತ್ತದೆ. ನೆಮ್ಮದಿಯಾಗಿ ಸಂಗೀತ ಕೇಳಲು ಸರಾಸರಿ 75 ಸಾಕು. ಅದಕ್ಕೆ ಖರ್ಚಾಗುವುದು ಒಂದು ವ್ಯಾಟಿನ ಆರನೆಯ ಒಂದು ಪಾಲು! ಆದರೆ ಮೃದಂಗದ ಒಂದು ಘಾತ, ವಾದ್ಯವೃಂದದ ಒಂದು ಏರು ಸರಾಸರಿಗಿಂತ 20 ಡೆಸಿಬೆಲ್ ಮೇಲೇಳಬಹುದು. ಆ ಕ್ಷಣಕ್ಕೆ 16 ವ್ಯಾಟ್ ಬೇಕು. ಇನ್ನೂ ಹತ್ತು ಡೆಸಿಬೆಲ್ ಜೋರಾಗಿ ಕೇಳುವ ಹುಡುಗರಿರುವ ಮನೆಯಲ್ಲಿ ಅದೇ 160 ಆಗುತ್ತದೆ. ಸ್ಪೀಕರ್ 96 ಡೆಸಿಬೆಲ್‌ನದಾಗಿದ್ದರೆ ಈ ಎರಡೂ ಅಂಕಿಗಳನ್ನು ಹತ್ತರಿಂದ ಭಾಗಿಸಬೇಕು. ಎಂಟು ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡು ಸುಖವಾಗಿರುವವರ ಗುಟ್ಟು ಇದೇ.

ಶಕ್ತಿ ಸಾಲದಿದ್ದರೆ ಸದ್ದು ಕಡಿಮೆಯಾಗುವುದಷ್ಟೇ ಅಲ್ಲ, ಕೈಯಿಂದ ದುಡ್ಡೂ ಹೋಗುತ್ತದೆ. ಚಿಕ್ಕ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದಾಗ ತರಂಗದ ತಲೆ ಚಪ್ಪಟೆಯಾಗುತ್ತದೆ. ಮೂಲದಲ್ಲಿ ಇಲ್ಲದ ಏರುಸ್ವರಗಳು ಹುಟ್ಟಿಕೊಳ್ಳುತ್ತವೆ, ಟ್ವೀಟರಿಗೆ ಹೋಗುವ ಸರಾಸರಿ ಶಕ್ತಿ ಏರುತ್ತದೆ. ಕೂದಲಿನಷ್ಟು ತೆಳುವಾದ ಅದರ ಸುರುಳಿ ಕಾದು ಕತ್ತರಿಸಿಹೋಗುತ್ತದೆ. ‘ಬರೀ 20 ವ್ಯಾಟಿನದು, 60 ವ್ಯಾಟಿನ ಸ್ಪೀಕರನ್ನು ಹೇಗೆ ಸುಟ್ಟೀತು?’ ಎಂದು ರಿಪೇರಿಯವರ ಮುಂದೆ ವಾದಿಸುವವರಿಗೆ ಇದೇ ಉತ್ತರ. ದೊಡ್ಡ ಆಂಪ್ಲಿಫೈಯರ್ ಕೂಡ ಸುಡಬಲ್ಲದು, ಗುಂಡಿ ತಿರುಗಿಸುವ ಕೈಗೆ ಹಿಡಿತವಿಲ್ಲದಿದ್ದರೆ. ದಕ್ಷತೆ ಬಹಳ ಹೆಚ್ಚಿರುವ ಸ್ಪೀಕರ್‌ಗೆ ದೈತ್ಯ ಆಂಪ್ಲಿಫೈಯರ್ ಜೋಡಿಸಿದರೆ ತೊಂದರೆ ಬೇರೆ: ಗುಂಡಿ ಕೂದಲೆಳೆಯಷ್ಟು ಅಲುಗಿದರೂ ಸದ್ದು ಹಾರುತ್ತದೆ, ಹಾಡಿಲ್ಲದಾಗ ‘ಹುಂ’ ಎಂಬ ಗುಂಯ್‌ಗುಡುವಿಕೆಯೂ ‘ಸ್ಸ್’ ಎಂಬ ಸಪ್ಪಳವೂ ಕೂತಲ್ಲಿಗೇ ಕೇಳುತ್ತವೆ.

ಚೀಟಿ ಓದುವಾಗ ಎರಡು ಎಚ್ಚರ ಬೇಕು. ಕೆಲವರು ಒಂದು ವ್ಯಾಟ್ ಎನ್ನದೆ 2.83 ವೋಲ್ಟ್ ಎಂದು ಬರೆದಿರುತ್ತಾರೆ. ಎಂಟು ಓಮ್‌ನ ಸ್ಪೀಕರ್‌ನಲ್ಲಿ ಅದು ಸರಿಯಾಗಿ ಒಂದು ವ್ಯಾಟ್, ನಾಲ್ಕು ಓಮ್‌ನದರಲ್ಲಿ ಎರಡು. ಅಲ್ಲಿಗೆ ಮೂರು ಡೆಸಿಬೆಲ್ ಪುಕ್ಕಟೆ ಬಂದಂತೆ ಕಾಣುತ್ತದೆ. ಇನ್ನು ಪಿಎಂಪಿಒ ಎಂಬ ಸಾವಿರ ವ್ಯಾಟುಗಳ ಮಾತನ್ನು ಲೆಕ್ಕಕ್ಕೇ ಹಿಡಿಯಬೇಕಿಲ್ಲ. ಹಿಂಬದಿಯಲ್ಲಿ ಆ ಪೆಟ್ಟಿಗೆ ಕರೆಂಟಿನಿಂದ ಎಷ್ಟು ವ್ಯಾಟ್ ತೆಗೆದುಕೊಳ್ಳುತ್ತದೆಂದು ಅಚ್ಚಾಗಿರುತ್ತದೆ. ಅದು 20 ಆಗಿದ್ದರೆ, ಬಿಡದೆ ಹೊರಗೆ ಕೊಡುವುದು 20ಕ್ಕಿಂತ ಕಡಿಮೆಯೇ.

ಹಳೆಯ ಜೋಡಿಯ ಪಕ್ಕದಲ್ಲಿ ಹೊಸ ಜೋಡಿ ಇಟ್ಟು ಒಂದೇ ಆಂಪ್ಲಿಫೈಯರ್‌ನಿಂದ ನುಡಿಸುವ ಆಸೆ ಹಲವರಿಗೆ. ಹೊಸದು 84, ಹಳೆಯದು 92 ಆಗಿದ್ದರೆ ಹಳೆಯದೇ ಹಾಡುತ್ತದೆ, ಹೊಸದು ಇದ್ದೂ ಇಲ್ಲದಂತೆ. ಮೇಲಾಗಿ ಎಂಟು ಓಮ್‌ನ ಎರಡು ಜೋಡಿ ಸಮಾನಾಂತರವಾಗಿ ಸೇರಿ ನಾಲ್ಕು ಓಮ್ ಆಗಿ ಆಂಪ್ಲಿಫೈಯರ್ ಕಾಯುತ್ತದೆ. ಹೋಮ್ ಥಿಯೇಟರ್ ರಿಸೀವರ್‌ಗಳಲ್ಲಿ ಒಂದೊಂದು ಚಾನೆಲ್ಲಿನ ಸದ್ದನ್ನೂ ಡೆಸಿಬೆಲ್ ಲೆಕ್ಕದಲ್ಲಿ ಬೇರೆಬೇರೆಯಾಗಿ ಹೊಂದಿಸಬಹುದು. ಹಳೆಯ ಸ್ಟೀರಿಯೊದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಜೋರಾಗಿ ನುಡಿಯುವ ಜೋಡಿಯ ತಂತಿಗೆ ಎಲ್-ಪ್ಯಾಡ್ ಎಂಬ ಸಣ್ಣ ನಿಯಂತ್ರಕ ಕೂಡಿಸಿ ಅದನ್ನು ತಗ್ಗಿಸಿಕೊಳ್ಳಬೇಕು. ಎಲ್-ಪ್ಯಾಡ್ ಕೊಳ್ಳುವಾಗ ಸ್ಪೀಕರ್‌ನ ಓಮ್ ಎಷ್ಟೆಂದು ಅಂಗಡಿಯವರಿಗೆ ಹೇಳಿಯೇ ಕೊಳ್ಳಬೇಕು.