ಸದಸ್ಯತ್ವ ರದ್ದತಿ: ರಸೀದಿಯ ಹಿಂಬದಿಯ ಷರತ್ತು ವರ್ತಕನನ್ನು ಕಾಯುವುದೇ?

ಬೇಲೂರು, ಅರಸೀಕೆರೆ, ಹಳೇಬೀಡಿನಂತಹ ಊರುಗಳಿಗೆ ತಿಂಗಳ ಸದಸ್ಯತ್ವವೆಂಬುದು ಹೆಸರಿನಿಂದ ಹೊಸದೇ ಹೊರತು ವ್ಯವಹಾರದಿಂದ ಹೊಸದಲ್ಲ. ವರ್ತನೆಯ ಹಾಲು, ದಿನಪತ್ರಿಕೆ, ಕೇಬಲ್ ಸಂಪರ್ಕ ಎಲ್ಲವೂ ತಿಂಗಳ ಲೆಕ್ಕದ ಮೇಲೆಯೇ ನಡೆದುಬಂದವು. ವರ್ತನೆ ಬೇಡವೆನಿಸಿದರೆ ಮನೆಯಾಕೆ "ನಾಳೆಯಿಂದ ಹಾಲು ಬೇಡ" ಎಂದರೆ ಸಾಕಿತ್ತು. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನಗಳನ್ನು ಎಣಿಸಿ ಬಾಕಿ ಚುಕ್ತಾ ಮಾಡಲಾಗುತ್ತಿತ್ತು. ಬಿಟ್ಟ ಮನೆಯವರೇ ಮುಂದೊಂದು ದಿನ ಮತ್ತೆ ಕರೆಯುವುದೂ ಇತ್ತು.

ಆ ಪದ್ಧತಿಯಲ್ಲಿ ಹಣ ಸೇವೆಯ ಹಿಂದೆ ಬರುತ್ತಿತ್ತು. ಇಂದು ಹಣ ಮುಂದೆ ಹೋಗುತ್ತದೆ. ವ್ಯಾಯಾಮಶಾಲೆ, ಕಂಪ್ಯೂಟರ್ ತರಬೇತಿ ಕೇಂದ್ರ, ನೀರು ಶುದ್ಧೀಕರಣ ಯಂತ್ರದ ವಾರ್ಷಿಕ ನಿರ್ವಹಣಾ ಒಪ್ಪಂದ ಮುಂತಾದವುಗಳಲ್ಲಿ ವರ್ಷದ ಶುಲ್ಕವನ್ನು ಮುಂಗಡವಾಗಿ ಪಡೆದು, "ಒಮ್ಮೆ ಪಾವತಿಸಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ" ಎಂದು ರಸೀದಿಯ ಹಿಂಬದಿಯಲ್ಲಿ ಸಣ್ಣಕ್ಷರಗಳಲ್ಲಿ ಮುದ್ರಿಸುವುದು ರೂಢಿಯಾಗಿದೆ. ಈ ಒಂದು ಸಾಲು ತಮ್ಮನ್ನು ಕಾಯುತ್ತದೆಂದು ಅನೇಕ ವರ್ತಕರು ನಂಬಿದ್ದಾರೆ. ಈ ನಂಬಿಕೆಗೆ ಕಾನೂನಿನ ಆಧಾರ ಬಹಳ ದುರ್ಬಲವಾಗಿದೆ.

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019, 'ಅನ್ಯಾಯದ ಕರಾರು' ಎಂಬ ಪರಿಕಲ್ಪನೆಯನ್ನು ಹೊಸದಾಗಿ ಸೇರಿಸಿತು. 1986ರ ಹಳೆಯ ಕಾಯಿದೆಯಲ್ಲಿ ಇದು ಇರಲಿಲ್ಲ. ಅದರ 2(46)ನೆಯ ಕಲಮಿನ ಪ್ರಕಾರ, ಕರಾರು ಮುರಿದ ಗ್ರಾಹಕನ ಮೇಲೆ, ಎದುರು ಪಕ್ಷಕ್ಕೆ ಆದ ನಷ್ಟಕ್ಕೆ ಯಾವ ರೀತಿಯಲ್ಲೂ ತಾಳೆಯಾಗದ ದಂಡ ಹೇರುವ ಷರತ್ತು, ಗ್ರಾಹಕನನ್ನು ಪ್ರತಿಕೂಲ ಸ್ಥಿತಿಗೆ ತಳ್ಳುವ ಅಸಮಂಜಸ ಶುಲ್ಕ ಅಥವಾ ನಿಬಂಧನೆ ಮೊದಲಾದವು ಅನ್ಯಾಯದ ಕರಾರಿನ ಲಕ್ಷಣಗಳು. ಗ್ರಾಹಕ ಸಹಿ ಮಾಡಿದ್ದಾನೆಂಬ ಕಾರಣಕ್ಕೇ ಅಂತಹ ಷರತ್ತು ಊರ್ಜಿತವಾಗಿ ಉಳಿಯುವುದಿಲ್ಲ. ಅದನ್ನು ಶೂನ್ಯವೆಂದು ಘೋಷಿಸುವ ಅಧಿಕಾರ ರಾಜ್ಯ ಆಯೋಗಕ್ಕಿದೆ. ಸೇವೆಯೇ ದೋಷಪೂರ್ಣವಾಗಿದ್ದರಂತೂ ಮಾತು ಇನ್ನೂ ಸ್ಪಷ್ಟ. ಆ ಸೇವೆಯನ್ನು ನಿಲ್ಲಿಸಿ, ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಣ ಹಿಂದಿರುಗಿಸಲು ನಿರಾಕರಿಸುವುದನ್ನು ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದೇ ಕರೆದಿದೆ.

ವರ್ತಕರ ಆತಂಕವೂ ಅಕಾರಣವಾದುದಲ್ಲ. ವರ್ಷದ ಸದಸ್ಯತ್ವದ ಹಣವನ್ನು ನಂಬಿಯೇ ವ್ಯಾಯಾಮಶಾಲೆಯವನು ಸಾಲ ಮಾಡಿ ಯಂತ್ರಗಳನ್ನು ತಂದಿರುತ್ತಾನೆ. ಯುಗಾದಿಗೆ ಸೇರಿದವರೆಲ್ಲ ಮಳೆಗಾಲಕ್ಕೆ ಬಿಟ್ಟುಹೋದರೆ ಕಂತು ಕಟ್ಟುವವರಾರು? ಆದರೆ ಕಾಯಿದೆ ಪೂರ್ಣ ಹಣ ಮರಳಿಸಬೇಕೆಂದು ಹೇಳುವುದಿಲ್ಲ. ನಷ್ಟಕ್ಕೂ ದಂಡಕ್ಕೂ ತಾಳೆಯಿರಬೇಕೆಂದಷ್ಟೇ ಅದರ ಅಪೇಕ್ಷೆ. ವರ್ಷಕ್ಕೆ 6,000 ರೂಪಾಯಿ, ಬಿಡಿ ತಿಂಗಳಿಗೆ 800 ರೂಪಾಯಿ ದರವಿರುವ ಕಡೆ ಸದಸ್ಯನೊಬ್ಬ ಮೂರು ತಿಂಗಳಿಗೆ ಬಿಟ್ಟನೆಂದು ಭಾವಿಸೋಣ. ರಿಯಾಯಿತಿಯನ್ನು ಹಿಂತೆಗೆದು ಬಿಡಿ ದರದಲ್ಲಿ 2,400 ರೂಪಾಯಿ, ನೋಂದಣಿ ವೆಚ್ಚವೆಂದು 300 ರೂಪಾಯಿ ಕಳೆದು 3,300 ರೂಪಾಯಿ ಮರಳಿಸಿದರೆ ಆ ಲೆಕ್ಕವನ್ನು ಯಾವ ಆಯೋಗದ ಮುಂದೆಯೂ ವಿವರಿಸಿ ಸಮರ್ಥಿಸಿಕೊಳ್ಳಬಹುದು. ಪೂರ್ತಿ 6,000 ರೂಪಾಯಿಯನ್ನೂ ಉಳಿಸಿಕೊಂಡವನಿಗೆ ವಿವರಿಸಲು ಲೆಕ್ಕವೇ ಇರುವುದಿಲ್ಲ. ಈ ಕಡಿತದ ವಿವರ ಹಣ ಪಡೆಯುವ ಮೊದಲೇ ಗ್ರಾಹಕನಿಗೆ ಕನ್ನಡದಲ್ಲಿ, ರಸೀದಿಯ ಮುಂಬದಿಯಲ್ಲಿ ಕಾಣಬೇಕಾದುದು ಮುಖ್ಯ. ಜಿಎಸ್‌ಟಿ ನೋಂದಣಿಯುಳ್ಳವರು ಇನ್‌ವಾಯ್ಸ್ ಕೊಟ್ಟ ಮೇಲೆ ಮರಳಿಸುವ ಮೊತ್ತಕ್ಕೆ ಕ್ರೆಡಿಟ್ ನೋಟ್ ಬರೆಯಲು ಮರೆಯಬಾರದು. ಅದರ ತೆರಿಗೆ ಹೊಂದಾಣಿಕೆಗೆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರ ಗಡುವಿದೆ.

ಎದುರಾಎದುರು ನಡೆಯುವ ವ್ಯವಹಾರದ ಮಾತು ಹೀಗಾದರೆ, ದೂರದ ಗ್ರಾಹಕರೊಡನೆ ನಡೆಯುವ ವ್ಯವಹಾರದ ಹೊಣೆ ಇನ್ನೂ ಹೆಚ್ಚಿನದು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳಿಗೆ ಹೊರರಾಜ್ಯಗಳ ಪ್ರವಾಸಿಗರು ಬರುತ್ತಾರೆ. ಇಲ್ಲಿನ ಕಾಫಿಪುಡಿಯ ರುಚಿ ಕಂಡ ದೆಹಲಿಯ ಗ್ರಾಹಕರೊಬ್ಬರು ಪ್ರತಿ ತಿಂಗಳೂ ಪುಡಿ ತರಿಸಿಕೊಳ್ಳಲು ಯುಪಿಐ ಮೂಲಕ ಸ್ವಯಂ ಪಾವತಿಗೆ ಒಪ್ಪಿಗೆ ಕೊಟ್ಟರೆಂದಿಟ್ಟುಕೊಳ್ಳಿ. ಸ್ವಂತ ಜಾಲತಾಣದಲ್ಲಿ ಮಾರುವ ಕಾಫಿಪುಡಿ ತಯಾರಕನೂ ಆಗ 2020ರ ಇ-ವಾಣಿಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತಾನೆ. ಮೊದಲೇ ಗುರುತು ಹಾಕಿಟ್ಟ ಚೌಕದಿಂದ ಗ್ರಾಹಕನ ಸಮ್ಮತಿ ಪಡೆಯುವಂತಿಲ್ಲ. ತಾನು ರದ್ದು ಮಾಡಿದಾಗ ಅಂತಹುದೇ ಶುಲ್ಕ ತೆರಲು ಸಿದ್ಧನಿಲ್ಲದವನು ಗ್ರಾಹಕನಿಂದ ರದ್ದತಿ ಶುಲ್ಕ ವಸೂಲು ಮಾಡುವಂತಿಲ್ಲ. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಆಗಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಹೆಸರಿಸಿದ 13 ವಂಚಕ ವಿಧಾನಗಳಲ್ಲಿ ಚಂದಾ ಬಲೆಯೂ ಒಂದು. ರದ್ದು ಮಾಡುವ ದಾರಿಯನ್ನು ಬಚ್ಚಿಡುವುದು, ಅದನ್ನು ಸುತ್ತುಬಳಸಾಗಿಸುವುದು, ಉಚಿತ ಸೇವೆಗೂ ಸ್ವಯಂ ಪಾವತಿಯ ಒಪ್ಪಿಗೆಯನ್ನು ಕಡ್ಡಾಯ ಮಾಡುವುದು ಇದರ ಲಕ್ಷಣಗಳು.

ಬಚ್ಚಿಟ್ಟು ಸಾಧಿಸುವುದಾದರೂ ಏನು? ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗುತ್ತದೆ, ಒಪ್ಪಿಗೆಯನ್ನು ಅವನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಅಷ್ಟೇ ಅಲ್ಲ, 2019ರ ಕಾಯಿದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಹೂಡಬಹುದು. ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ. ಅಂದರೆ ಕೆಲವು ನೂರು ರೂಪಾಯಿಗಳ ಕಾಫಿಪುಡಿಗಾಗಿ ಬೇಲೂರಿನ ವರ್ತಕ ದೆಹಲಿಯ ಆಯೋಗಕ್ಕೆ ಉತ್ತರ ಕೊಡಬೇಕಾದೀತು. ಮೊದಲಿನಂತೆ ಹಾಸನಕ್ಕೆ ಬಂದು ಮಾತಾಡಿ ಎನ್ನುವ ಕಾಲ ಮುಗಿಯಿತು.

ಇತರ ದೇಶಗಳೂ ಇದೇ ಹಾದಿ ಹಿಡಿದಿವೆ. ಜಾಲತಾಣದಲ್ಲಿ ಮಾಡಿಕೊಂಡ ಚಂದಾ ಕರಾರನ್ನು ಅಲ್ಲೇ ಒಂದು ಗುಂಡಿಯೊತ್ತಿ ರದ್ದುಗೊಳಿಸುವ ಸೌಲಭ್ಯವನ್ನು ಜರ್ಮನಿ 2022ರ ಜುಲೈ 1ರಿಂದ ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಇಂತಹುದೇ ನಿಯಮವೊಂದನ್ನು ನ್ಯಾಯಾಲಯ 2025ರ ಜುಲೈಯಲ್ಲಿ ತಳ್ಳಿಹಾಕಿತು. ಆದರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಸದಸ್ಯತ್ವಕ್ಕೆ ಸೇರಿಸಿಕೊಂಡ ಹಾಗೂ ರದ್ದತಿಯನ್ನು ಕಷ್ಟಗೊಳಿಸಿದ ಆರೋಪದ ಮೊಕದ್ದಮೆಯಲ್ಲಿ ಅಮೆಜಾನ್ ಸಂಸ್ಥೆ 250 ಕೋಟಿ ಡಾಲರ್ ತೆರಲು ಒಪ್ಪಿ ರಾಜಿ ಮಾಡಿಕೊಂಡಿತು. ಅಷ್ಟು ದೊಡ್ಡ ಕಂಪನಿ ತಾಳಿಕೊಂಡೀತು. ಅರಸೀಕೆರೆಯ ತರಬೇತಿ ಕೇಂದ್ರಕ್ಕೆ ಒಂದು ವ್ಯಾಜ್ಯದ ಅಲೆದಾಟವೇ ಸಾಕು.

ಈ ಕಾಯಿದೆಯ ಒಂದು ಕೊರತೆಯನ್ನೂ ಹೇಳಲೇಬೇಕು. ಬಿಲ್ಲಿಂಗ್ ತಂತ್ರಾಂಶ, ಅಂತರಜಾಲ, ಸಿ.ಸಿ. ಕ್ಯಾಮೆರಾ ನಿರ್ವಹಣೆ ಇತ್ಯಾದಿಗಳ ಚಂದಾದಾರ ವರ್ತಕನೇ ಆಗಿರುತ್ತಾನೆ. ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವನನ್ನು ಕಾಯಿದೆ ಗ್ರಾಹಕನೆಂದು ಪರಿಗಣಿಸುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದಷ್ಟೇ ಕೊಂಡು ಬಳಸಿದ ಸರಕಿಗೆ ಮಾತ್ರ ವಿನಾಯಿತಿ. ಒಬ್ಬನೇ ಕುಳಿತು ಅಂಗಡಿ ನಡೆಸುವವನು ಈ ವಿನಾಯಿತಿಯೊಳಗೆ ಬಂದಾನು, ಹತ್ತು ಜನ ಕೆಲಸಗಾರರಿರುವ ಕೊಬ್ಬರಿ ವ್ಯಾಪಾರಿಗೆ ಅದನ್ನು ಸಾಧಿಸಿ ತೋರಿಸುವುದು ಕಷ್ಟ. ಸಣ್ಣ ಉದ್ದಿಮೆಗಳಿಗೂ ಚಂದಾ ಬಲೆಯಿಂದ ರಕ್ಷಣೆ ಬೇಕೆಂದು ವಾಣಿಜ್ಯ ಸಂಸ್ಥೆಗಳು ಕೇಂದ್ರ ಸರ್ಕಾರಕ್ಕೆ ಮನವಿ ಸಲ್ಲಿಸುವುದು ಯುಕ್ತ. ತಮ್ಮ ಸದಸ್ಯರ ರಸೀದಿಯ ಹಿಂಬದಿಯ ಸಾಲನ್ನು ಮೊದಲು ತೆಗೆಸಿದರೆ ಆ ಮನವಿಗೆ ತೂಕ ಬಂದೀತು. ಅಲ್ಲಿಯವರೆಗೆ ವರ್ಷಕ್ಕೊಮ್ಮೆ, ಮಾರ್ಚ್ ಲೆಕ್ಕ ಮುಗಿಸುವಾಗಲೇ, ಬ್ಯಾಂಕ್ ಖಾತೆಯಲ್ಲಿ ಚಾಲ್ತಿಯಲ್ಲಿರುವ ಸ್ವಯಂ ಪಾವತಿಯ ಒಪ್ಪಿಗೆಗಳನ್ನೆಲ್ಲ ತೆರೆದು ನೋಡಿ, ಬೇಡವಾದವನ್ನು ಅಲ್ಲಿಯೇ ರದ್ದುಪಡಿಸುವ ದಾರಿ ವರ್ತಕನಿಗೂ ತೆರೆದಿದೆ.